ಸೆರೆಯಿಂದ ಗಿರಣಿಗೆ: ಘಟಪ್ರಭೆಯ ದಂಡೆಯಲ್ಲಿ ಹಾಜರಿ, ಪಗಾರ ಮತ್ತು ಬಿಡುಗಡೆ

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಬಳಿ ಇಂದು ಅಣೆಕಟ್ಟಿನ ಹಿಂದೆ ತುಂಬಿ ನಿಲ್ಲುವ ಘಟಪ್ರಭಾ ನದಿ, ಅಲ್ಲಿಂದ ಪೂರ್ವಕ್ಕೆ ಹರಿದು ಧೂಪದಾಳದ ಒಡ್ಡನ್ನು ದಾಟಿ, ಗೋಕಾಕ ಪಟ್ಟಣಕ್ಕೆ ಮುಟ್ಟುವ ಮುನ್ನ ಸುಮಾರು 52 ಮೀಟರ್ ಎತ್ತರದ ಬಂಡೆಯಿಂದ ಕೆಳಗೆ ಧುಮುಕುತ್ತದೆ. ಈ ನೀರಿನ ಬಲವನ್ನು ನಂಬಿ 1885ರಲ್ಲಿ ಗೋಕಾಕ ವಾಟರ್ ಪವರ್ ಆ್ಯಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ ಸ್ಥಾಪನೆಯಾಯಿತು. 1887ರ ಹೊತ್ತಿಗೆ ಜಲಪಾತದ ನೀರು ನೂಲಿನ ಗಿರಣಿಯ ಯಂತ್ರಗಳನ್ನು ತಿರುಗಿಸತೊಡಗಿತು. ಆ ಗಿರಣಿಯ ಬಗ್ಗೆ, ಅದರ ವಿದ್ಯುತ್ತಿನ ಬಗ್ಗೆ, ನದಿಯ ಎರಡು ದಡಗಳನ್ನು ಜೋಡಿಸುವ ತೂಗುಸೇತುವೆಯ ಬಗ್ಗೆ ಕರ್ನಾಟಕದ ಕೈಗಾರಿಕಾ ಇತಿಹಾಸ ಬರೆದವರು ಸಾಕಷ್ಟು ಹೇಳಿದ್ದಾರೆ. ಅದೇ ಗಿರಣಿಯ ಆಸರೆಯಲ್ಲಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇದ್ದ ಸೆಟ್ಲಮೆಂಟಿನ ಬಗ್ಗೆ ಹೇಳಿದ್ದು ಬಹಳ ಕಡಿಮೆ. ಸೆಟ್ಲಮೆಂಟ್ ಎಂದರೆ, ಜೈಲಿನಿಂದ ಹೊರಬಂದವರನ್ನೂ, ಇಂದಲ್ಲ ನಾಳೆ ಜೈಲಿಗೆ ಹೋಗುವವರೆಂದು ಸರ್ಕಾರ ಮೊದಲೇ ತೀರ್ಮಾನಿಸಿದ್ದ ಸಮುದಾಯಗಳ ಜನರನ್ನೂ ಒಂದೆಡೆ ಕೂಡಿಹಾಕಿ, ಕಾವಲಿನ ಕೆಳಗೆ ಕೂಲಿಯ ದುಡಿಮೆಗೆ ಹಚ್ಚಿ, ಆ ದುಡಿಮೆಯ ಮೂಲಕವೇ ಅವರ ಬದುಕನ್ನು ಹೊಸದಾಗಿ ಕಟ್ಟುವುದಾಗಿ ಹೇಳಿಕೊಂಡ ಸರ್ಕಾರಿ ವಸತಿ. ಶಿಕ್ಷೆ ಮುಗಿಸಿ ಬಂದವನಿಗೆ ಕೆಲಸ ಎಲ್ಲಿ ಸಿಗುತ್ತದೆ, ಕೆಲಸ ಸಿಕ್ಕಮೇಲೆ ಅವನ ಶಿಕ್ಷೆ ನಿಜವಾಗಿ ಮುಗಿಯುತ್ತದೆಯೇ ಎಂಬ ಪ್ರಶ್ನೆಗೆ ಈ ಭಾಗದ ಇತಿಹಾಸದಲ್ಲಿ ದೊರೆಯುವ ಅತ್ಯಂತ ಸ್ಪಷ್ಟವಾದ ಮತ್ತು ಅತ್ಯಂತ ನೋವಿನ ಉತ್ತರ ಗೋಕಾಕ ಫಾಲ್ಸಿನದು.

ಈ ವಸತಿಯ ಹಿಂದಿದ್ದ ಕಾನೂನನ್ನು ಮೊದಲು ತಿಳಿಯಬೇಕಾಗುತ್ತದೆ. 1871ರಲ್ಲಿ ಉತ್ತರ ಭಾರತಕ್ಕೆಂದು ಜಾರಿಗೆ ಬಂದ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್, ಅಂದರೆ ಅಪರಾಧಿ ಬುಡಕಟ್ಟುಗಳ ಕಾಯ್ದೆ, 1911ರಲ್ಲಿ ಹೊಸ ರೂಪ ಪಡೆದು ಮುಂಬಯಿ ಮತ್ತು ಮದ್ರಾಸು ಪ್ರಾಂತಗಳಿಗೂ ಹಬ್ಬಿತು; 1924ರಲ್ಲಿ ಅದನ್ನು ಮತ್ತೊಮ್ಮೆ ಕ್ರೋಡೀಕರಿಸಲಾಯಿತು. ಒಂದು ಸಮುದಾಯವನ್ನೋ ಗುಂಪನ್ನೋ ಅಪರಾಧಿ ಎಂದು ಪ್ರಾಂತೀಯ ಸರ್ಕಾರ ಗೆಜೆಟ್ಟಿನಲ್ಲಿ ಘೋಷಿಸಿದರೆ ಸಾಕು, ಆ ಘೋಷಣೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಘೋಷಿತ ಸಮುದಾಯದವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದು, ಬೆರಳಚ್ಚು ತೆಗೆದುಕೊಂಡು, ಗೊತ್ತುಪಡಿಸಿದ ಹೊತ್ತಿಗೆ ಹಾಜರಿ ಹಾಕಿಸಿ, ಊರು ಬಿಟ್ಟು ಹೋಗುವಾಗ ಪಾಸು ಪಡೆಯುವಂತೆ ಮಾಡಲು ಕಾಯ್ದೆ ಅಧಿಕಾರ ಕೊಟ್ಟಿತ್ತು. ಒಮ್ಮೆ ಶಿಕ್ಷೆ ಅನುಭವಿಸಿದವನು ಕಾಯ್ದೆಯ ಪಟ್ಟಿಯಲ್ಲಿದ್ದ ಅಪರಾಧವೊಂದರಲ್ಲಿ ಎರಡನೆಯ ಸಲ ಸಿಕ್ಕಿಬಿದ್ದರೆ ಕನಿಷ್ಠ ಏಳು ವರ್ಷದ ಸೆರೆ, ಮೂರನೆಯ ಸಲಕ್ಕೆ ಜೀವಾವಧಿ ಗಡೀಪಾರು ಎಂದು ಅದರ 23ನೆಯ ಕಲಮು ವಿಧಿಸಿತ್ತು. ಕಳವು ಮಾಡುವ ಉದ್ದೇಶದಿಂದ ಕಾದಿದ್ದನೆಂದು ನಂಬುವಂತಹ ಸಂದರ್ಭದಲ್ಲಿ ಕಂಡುಬಂದರೂ ಮೂರು ವರ್ಷದವರೆಗೆ ಒಳಗೆ ಹಾಕಬಹುದಾಗಿತ್ತು. ಬೇರೆಯವರಿಗೆ ಶಿಕ್ಷೆಯ ಅವಧಿ ಮುಗಿದ ದಿನ ಜೈಲಿನೊಂದಿಗಿನ ಸಂಬಂಧ ಮುಗಿಯುತ್ತಿತ್ತಾದರೆ, ಬೆಳಗಾವಿ, ಧಾರವಾಡ ಮತ್ತು ವಿಜಾಪುರ ಜಿಲ್ಲೆಗಳ ಕೊರವ ಅಥವಾ ಕೈಕಾಡಿ, ಗಂಟಿಚೋರ, ಹರಣಶಿಕಾರಿ ಮೊದಲಾದ ಸಮುದಾಯಗಳಲ್ಲಿ ಹುಟ್ಟಿದವನಿಗೆ ಜೈಲಿಗೆ ಹೋಗುವ ಮುಂಚೆಯೂ ಬಂದ ನಂತರವೂ ಒಂದೇ ರಿಜಿಸ್ಟರು ಕಾದಿರುತ್ತಿತ್ತು.

ಹಾಜರಿ ಪದ್ಧತಿ ದುಡಿಮೆಯ ಬೇರನ್ನೇ ಕತ್ತರಿಸಿತೆಂಬುದನ್ನು ಆಗಿನ ಆಡಳಿತಗಾರರು ಬೇಗ ಒಪ್ಪಿಕೊಳ್ಳಲಿಲ್ಲ. ಪ್ರತಿದಿನ ಪೊಲೀಸ್ ಪಾಟೀಲನ ಎದುರು ನಿಂತು ಹೆಸರು ಹೇಳಬೇಕಾದವನು ಸುಗ್ಗಿಯ ಕಾಲಕ್ಕೆ ಪಕ್ಕದ ತಾಲ್ಲೂಕಿಗೆ ಕೂಲಿಗೆ ಹೋಗುವಂತಿರಲಿಲ್ಲ, ಸಂತೆಯಿಂದ ಸಂತೆಗೆ ಬುಟ್ಟಿ ಮಾರುತ್ತ ಅಲೆಯುವಂತಿರಲಿಲ್ಲ. ಕೊರವರಲ್ಲಿ ಒಂದು ಭಾಗದವರು ಹೇರೆತ್ತುಗಳ ಮೇಲೆ ಉಪ್ಪು ಮತ್ತು ಧಾನ್ಯ ಸಾಗಿಸಿ ಬದುಕಿದ್ದವರು. ರಸ್ತೆ ಮತ್ತು ರೈಲು ಬಂದಮೇಲೆ ಆ ವ್ಯಾಪಾರ ಕುಸಿಯಿತು, ಉಳಿದಿದ್ದ ಅಲೆದಾಟದ ಕಸುಬುಗಳಿಗೆ ಕಾಯ್ದೆ ಅಡ್ಡ ಬಂತು. ಜೈಲಿನಿಂದ ಬಂದವನ ಕಷ್ಟ ಇನ್ನೂ ಹೆಚ್ಚಿನದು. ಅವನು ಹಳ್ಳಿಗೆ ಮರಳಿದ ಸುದ್ದಿ ಅವನಿಗಿಂತ ಮೊದಲೇ ಪಾಟೀಲನಿಗೆ ಮುಟ್ಟಿರುತ್ತಿತ್ತು. ಯಾರ ಹೊಲದಲ್ಲಿ ಕೂಲಿಗೆ ನಿಂತರೂ ರಾತ್ರಿ ಆ ಹೊಲದ ರಾಶಿ ಕಡಿಮೆಯಾದರೆ ಮೊದಲು ಕರೆಸುವುದು ಅವನನ್ನೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಹೀಗಿರುವಾಗ ಅವನಿಗೆ ಕೆಲಸ ಕೊಡದಿರುವುದು ರೈತನ ಕ್ರೌರ್ಯಕ್ಕಿಂತ ಹೆಚ್ಚಾಗಿ ತಂಟೆಯಿಂದ ದೂರವಿರುವ ಎಚ್ಚರವಾಗಿತ್ತು, ಮತ್ತು ಆ ಎಚ್ಚರವನ್ನು ಕಲಿಸಿದ್ದು ಸರ್ಕಾರವೇ.

ಇದಕ್ಕೆ ಬೇರೆ ದಾರಿಯೇ ಇರಲಿಲ್ಲವೆಂದು ಹೇಳುವಂತಿಲ್ಲ, ಏಕೆಂದರೆ ಬೇರೆ ದಾರಿ ಹುಕ್ಕೇರಿಯ ಗಡಿಯಾಚೆಗೇ ಇತ್ತು. ಇಂದಿನ ಮೂಡಲಗಿಗೆ ಹತ್ತಿರದ ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನವನ್ನು ಆಳುತ್ತಿದ್ದ ಶಾಹು ಮಹಾರಾಜರು 1918ರಲ್ಲಿ ಮಹಾರ, ಮಾಂಗ, ರಾಮೋಶಿ ಮತ್ತು ಬೇರಡ ಸಮುದಾಯಗಳ ಮೇಲಿದ್ದ ಹಾಜರಿಯನ್ನು ರದ್ದು ಮಾಡಿದರು. ಕಳ್ಳರೆಂದು ಹೆಸರಾಗಿದ್ದ ಫಾಸೆಪಾರಧಿಗಳನ್ನು ಕರೆಸಿ, ಸೋನತಳಿಯಲ್ಲಿ ನೆಲೆ ಕೊಟ್ಟು, ತಮ್ಮದೇ ಕಾವಲಿನ ಕೆಲಸಕ್ಕೆ ಸೇರಿಸಿಕೊಂಡರು. ಕಳ್ಳನೆಂದು ಹೇಳಿದವನ ಕೈಗೆ ಕಾವಲು ಒಪ್ಪಿಸುವ ಈ ನಡೆ ಮೇಲುನೋಟಕ್ಕೆ ಅರಸನ ಔದಾರ್ಯದಂತೆ ಕಾಣುತ್ತದೆಯಾದರೂ ಅದರ ಒಳಗಿನ ಕ್ರಮವೇ ಬೇರೆಯಾಗಿತ್ತು: ಮೊದಲು ಹಾಜರಿ ಹೋಯಿತು, ಆಮೇಲೆ ಕೆಲಸ ಬಂತು. ಬ್ರಿಟಿಷ್ ಆಡಳಿತದ ಗೋಕಾಕದಲ್ಲಿ ಕೆಲಸ ಮೊದಲು ಬಂತು, ಹಾಜರಿ ಅದರ ಜತೆಗೇ ಉಳಿಯಿತು. ಎರಡು ಆಡಳಿತಗಳ ನಡುವಿನ ಈ ಅಂತರವೇ ಮುಂದಿನ ಕಥೆಯನ್ನೆಲ್ಲ ನಿರ್ಧರಿಸಿತೆಂದು ಹೇಳಬಹುದು.

ಮುಂಬಯಿ ಪ್ರಾಂತದ ಸೆಟ್ಲಮೆಂಟುಗಳು ಆರಂಭವಾದದ್ದು ವಿಜಾಪುರದಲ್ಲಿ. ಪ್ರಾಂತದ ಕ್ರಿಮಿನಲ್ ಟ್ರೈಬ್ಸ್ ಸೆಟ್ಲಮೆಂಟ್ ಆಫೀಸರ್ ಆಗಿ ದೀರ್ಘಕಾಲ ಇದ್ದ ಐ.ಸಿ.ಎಸ್. ಅಧಿಕಾರಿ ಓ.ಎಚ್.ಬಿ. ಸ್ಟಾರ್ಟೆ ಈ ವ್ಯವಸ್ಥೆಗೆ ರೂಪ ಕೊಟ್ಟವರು. ಮದ್ರಾಸು ಮತ್ತು ಉತ್ತರದ ಪ್ರಾಂತಗಳಲ್ಲಿ ಸಾಲ್ವೇಶನ್ ಆರ್ಮಿಯಂತಹ ಧಾರ್ಮಿಕ ಸಂಸ್ಥೆಗಳಿಗೆ ಸೆಟ್ಲಮೆಂಟುಗಳನ್ನು ವಹಿಸಿಕೊಡುವ ರೂಢಿ ಪ್ರಬಲವಾಗಿದ್ದರೆ, ಮುಂಬಯಿ ಪ್ರಾಂತದಲ್ಲಿ ಮಿಷನ್ನುಗಳ ಪಾಲು ಇದ್ದರೂ ಒಟ್ಟು ಹಿಡಿತ ಸರ್ಕಾರಿ ಅಧಿಕಾರಿಯ ಕೈಯಲ್ಲಿ ಉಳಿಯಿತು. ಭೂಮಿ ಹಂಚಿ ಒಕ್ಕಲು ಮಾಡಿಸುವ ಯೋಚನೆಗೆ ಬಯಲುಸೀಮೆಯ ಮಳೆಯೂ ಒಳ್ಳೆಯ ಜಮೀನಿನ ಅಭಾವವೂ ಅಡ್ಡಿಯಾಗುತ್ತಿದ್ದುದರಿಂದ, ವರ್ಷವಿಡೀ ಕೂಲಿ ಕೊಡುವ, ಇಡೀ ಕುಟುಂಬಕ್ಕೆ ಕೆಲಸ ಒದಗಿಸುವ ಜಾಗಗಳತ್ತ ಅಧಿಕಾರಿಗಳ ಕಣ್ಣು ಹೊರಳಿತು. ಹೀಗೆ ಸೋಲಾಪುರ ಮತ್ತು ಗದಗಿನ ಗಿರಣಿಗಳು, ಹುಬ್ಬಳ್ಳಿಯ ನೂಲಿನ ಗಿರಣಿ ಮತ್ತು ರೈಲ್ವೆ ವರ್ಕ್‌ಶಾಪು, ದಾಂಡೇಲಿಯ ಅಡವಿಯ ಕಟ್ಟಿಗೆ ಕೆಲಸ, ಮತ್ತು ಗೋಕಾಕ ಫಾಲ್ಸಿನ ಗಿರಣಿ ಸೆಟ್ಲಮೆಂಟುಗಳ ಆಧಾರವಾದವು.

ಗೋಕಾಕ ಫಾಲ್ಸ್ ಇದಕ್ಕೆ ಹೇಳಿ ಮಾಡಿಸಿದಂತಹ ಜಾಗವಾಗಿದ್ದುದಕ್ಕೆ ಕಾರಣ ಅದರ ಭೂಗೋಳದಲ್ಲಿದೆ. ಮುಂಬಯಿ, ಸೋಲಾಪುರಗಳ ಗಿರಣಿಗಳು ಜನ ಕಿಕ್ಕಿರಿದ ಪಟ್ಟಣಗಳಲ್ಲಿ ಹುಟ್ಟಿ ಅಲ್ಲಿಯ ಜನರನ್ನೇ ಬಳಸಿಕೊಂಡವು. ಗೋಕಾಕದ ಗಿರಣಿ ನೀರನ್ನು ಹುಡುಕಿಕೊಂಡು ಕಲ್ಲುಬಂಡೆಗಳ ನಡುವೆ ಬಂದು ಕುಳಿತದ್ದರಿಂದ ಜನರನ್ನು ತಾನೇ ಕರೆತರಬೇಕಾಯಿತು. ಗೋಕಾಕ ಪಟ್ಟಣ ಆರು ಕಿಲೋಮೀಟರಿನಷ್ಟು ದೂರ, ಹತ್ತಿರದ ಕೊಣ್ಣೂರು ಅಂದು ಸಣ್ಣ ಊರು, ರೈಲು ನಿಲ್ಲುತ್ತಿದ್ದ ಗೋಕಾಕ ರೋಡ್, ಅಂದರೆ ಇಂದಿನ ಘಟಪ್ರಭಾ ನಿಲ್ದಾಣ, ನದಿಯ ಮೇಲ್ಭಾಗದಲ್ಲಿ. ಸುತ್ತಲಿನ ಒಕ್ಕಲಿಗನಿಗೆ ಗಿರಣಿ ಬೇಸಿಗೆಯ ಆಸರೆಯಷ್ಟೇ ಆಗಿತ್ತು. ಮುಂಗಾರು ಬಿದ್ದೊಡನೆ ಅವನು ಹೊಲಕ್ಕೆ ಮರಳುತ್ತಿದ್ದ. ಇದರ ಮೇಲೆ 1897ರಿಂದ ಈ ಜಿಲ್ಲೆಗಳನ್ನು ಕಾಡಿದ ಪ್ಲೇಗು, 1918ರ ಇನ್‌ಫ್ಲುಯೆಂಜಾ ಸೇರಿ ಇಡೀ ಪ್ರದೇಶದಲ್ಲಿ ದುಡಿಯುವ ಕೈಗಳನ್ನು ಕಡಿಮೆ ಮಾಡಿದವು. ಬಿಟ್ಟು ಹೋಗಲು ಕಾನೂನಿನಲ್ಲೇ ಅವಕಾಶವಿಲ್ಲದ ಕೆಲಸಗಾರ ಇಂತಹ ಗಿರಣಿಗೆ ಎಷ್ಟು ಅನುಕೂಲದವನಾಗಿದ್ದನೆಂಬುದನ್ನು ಊಹಿಸಲು ಹೆಚ್ಚು ಕಷ್ಟಪಡಬೇಕಿಲ್ಲ. ಸರ್ಕಾರಕ್ಕೆ ಖರ್ಚಿಲ್ಲದ ಸುಧಾರಣೆ ಬೇಕಿತ್ತು, ಗಿರಣಿಗೆ ಮುಂಗಾರಿನಲ್ಲೂ ನಿಲ್ಲುವ ಆಳು ಬೇಕಿತ್ತು, ಮತ್ತು ಜೈಲಿನಿಂದ ಬಂದವನಿಗೆ ಕೇಳದೆ ಕೆಲಸ ಕೊಡುವ ಬಾಗಿಲೊಂದು ಬೇಕಿತ್ತು. ಮೂರು ಅಗತ್ಯಗಳು ಕೂಡಿದ ಈ ಒಪ್ಪಂದದಲ್ಲಿ ಮೂರನೆಯವನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಗಿರಣಿಯೊಳಗಿನ ದುಡಿಮೆ ಹೇಗಿತ್ತೆಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ಸುಧಾರಣೆ ಎಂಬುದು ಆ ದುಡಿಮೆಯ ಹೊರತಾಗಿ ಬೇರೇನೂ ಆಗಿರಲಿಲ್ಲ. ಹತ್ತಿಯ ಬೇಲು ಬಿಚ್ಚಿ, ಕಸ ಕಡ್ಡಿ ತೆಗೆದು ಹಿಂಜುವ ವಿಭಾಗದಲ್ಲಿ ಧೂಳು ಕವಿದಿರುತ್ತಿತ್ತು. ಅಲ್ಲಿಂದ ಕಾರ್ಡಿಂಗ್ ಯಂತ್ರ ಹತ್ತಿಯ ಎಳೆಗಳನ್ನು ಒಂದೇ ದಿಕ್ಕಿಗೆ ಬಾಚಿ ಹಂಜಿಯಾಗಿ ಮಾಡುತ್ತಿತ್ತು, ಹಂಜಿಯನ್ನು ಹಂತಹಂತವಾಗಿ ಎಳೆದು ಸಣ್ಣದು ಮಾಡಿದ ಮೇಲೆ ರಿಂಗ್ ಫ್ರೇಮಿನಲ್ಲಿ ಅದಕ್ಕೆ ಹುರಿಕೊಟ್ಟು ನೂಲಾಗಿ ಬಾಬಿನ್ನಿಗೆ ಸುತ್ತಲಾಗುತ್ತಿತ್ತು. ತುಂಬಿದ ಬಾಬಿನ್ನುಗಳನ್ನು ಬಿಚ್ಚಿ ಖಾಲಿಯವನ್ನು ಕೂಡಿಸುವ ಕೆಲಸಕ್ಕೆ ಸಣ್ಣ ಬೆರಳುಗಳು ಬೇಕೆಂದು ಭಾರತದ ಗಿರಣಿಗಳಲ್ಲಿ ಹುಡುಗರನ್ನು ಹಚ್ಚುತ್ತಿದ್ದರು. ನೂಲನ್ನು ಲಡಿಯಾಗಿ ಸುತ್ತುವ ರೀಲಿಂಗ್ ವಿಭಾಗ ಬಹುಪಾಲು ಹೆಂಗಸರದು. 1911ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ ಗಂಡಾಳಿನ ದಿನದ ದುಡಿಮೆಯನ್ನು 12 ಗಂಟೆಗೆ, ಮಕ್ಕಳದನ್ನು 6 ಗಂಟೆಗೆ ಮಿತಿಗೊಳಿಸಿತು. 1922ರಲ್ಲಿ ಹಿರಿಯರ ದುಡಿಮೆಗೆ ವಾರಕ್ಕೆ 60 ಗಂಟೆಯ ಮಿತಿ ಬಂತು, 12 ವರ್ಷದೊಳಗಿನ ಮಕ್ಕಳನ್ನು ನೇಮಿಸುವುದು ನಿಂತಿತು. ಭೋಂಗಾ ಕೂಗಿದಾಗ ಒಳಗೆ ಹೋಗಿ ಭೋಂಗಾ ಕೂಗಿದಾಗ ಹೊರಗೆ ಬರುವ ಈ ಶಿಸ್ತು, ಹಳ್ಳಿಯಿಂದ ಬಂದ ಯಾವ ಕೆಲಸಗಾರನಿಗೂ ಹೊಸದೇ ಆಗಿತ್ತು. ಆದರೆ ಕೊಣ್ಣೂರಿನಿಂದ ಬಂದವನು ಪಾಳಿ ಮುಗಿದ ಮೇಲೆ ತನ್ನ ಮನೆಗೆ ಹೋಗುತ್ತಿದ್ದ, ಸೆಟ್ಲಮೆಂಟಿನವನು ಮತ್ತೊಂದು ಹಾಜರಿಗೆ ಹೋಗುತ್ತಿದ್ದ.

ಸೆಟ್ಲಮೆಂಟಿನ ಒಳಗೆ ಮೆಟ್ಟಿಲುಗಳಿದ್ದವು. ಹೊಸದಾಗಿ ಬಂದವರು ಬಿಗಿಯಾದ ಕಾವಲಿನಲ್ಲಿ, ರಾತ್ರಿಯ ಹಾಜರಿಗೆ ಒಳಪಟ್ಟು ಇರುತ್ತಿದ್ದರು. ನಡತೆ ಒಳ್ಳೆಯದೆಂದು ಸೆಟ್ಲಮೆಂಟಿನ ಮ್ಯಾನೇಜರನಿಗೆ ತೋರಿದರೆ ಲೈಸೆನ್ಸು, ಅಂದರೆ ಷರತ್ತುಗಳುಳ್ಳ ಪರವಾನಗಿ, ದೊರೆಯುತ್ತಿತ್ತು. ಅದರ ಮುಂದಿನ ಹಂತ ಫ್ರೀ ಕಾಲನಿ, ಅಂದರೆ ಬೇಲಿಯ ಹೊರಗೆ ಸ್ವಂತ ಮನೆ ಕಟ್ಟಿಕೊಂಡು ಇರಬಹುದಾದ ವಸತಿ. ಕೊನೆಯದು ಕಾಯ್ದೆಯಿಂದಲೇ ಬಿಡುಗಡೆ. ಜೈಲಿನ ಶಿಕ್ಷೆಗೆ ತಾರೀಖು ಇರುತ್ತದೆ, ಈ ಮೆಟ್ಟಿಲುಗಳಿಗೆ ತಾರೀಖು ಇರಲಿಲ್ಲ. ಎರಡು ವರ್ಷದ ಸೆರೆವಾಸ ಮುಗಿಸಿದವನು ಎಷ್ಟು ವರ್ಷ ಸೆಟ್ಲಮೆಂಟಿನಲ್ಲಿರಬೇಕೆಂಬುದು ನ್ಯಾಯಾಧೀಶನ ತೀರ್ಪಿನ ಬದಲು ಮ್ಯಾನೇಜರನ ಅಭಿಪ್ರಾಯದ ಮೇಲೆ ನಿಂತಿತ್ತು, ಮತ್ತು ಆ ಅಭಿಪ್ರಾಯಕ್ಕೆ ಮುಖ್ಯ ಆಧಾರ ಅವನು ಗಿರಣಿಗೆ ತಪ್ಪದೆ ಹೋದನೇ ಎಂಬುದು. ಬೇರೆ ಕೆಲಸಗಾರನಿಗೆ ಗೈರುಹಾಜರಿಯ ಬೆಲೆ ಒಂದು ದಿನದ ಪಗಾರ. ಇವನಿಗೆ ಅದರ ಬೆಲೆ ಬಿಡುಗಡೆ ಮುಂದಕ್ಕೆ ಹೋಗುವುದು. ಪಗಾರ ಕೊಡುವವನು ಮತ್ತು ಕಾವಲು ಕಾಯುವವನು ಹೀಗೆ ಒಂದಾದಾಗ, ಹೆಚ್ಚು ಕೂಲಿ ಕೇಳುವ, ಜಾಬರನ, ಅಂದರೆ ಆಳುಗಳನ್ನು ಸೇರಿಸಿ ದುಡಿಸುವ ಮೇಲಾಳಿನ, ಕಾಟ ತಾಳದೆ ಬೇರೆ ಗಿರಣಿಗೆ ಹೋಗುವ, ಮುಷ್ಕರ ಹೂಡುವ ಸಾಧಾರಣ ಕಾರ್ಮಿಕನ ಹಕ್ಕುಗಳು ಅರ್ಥ ಕಳೆದುಕೊಳ್ಳುತ್ತವೆ.

ಆದರೂ ಈ ವಸತಿಗಳಿಂದ ಏನೂ ಒಳ್ಳೆಯದಾಗಲಿಲ್ಲವೆಂದು ಬರೆದರೆ ಅಲ್ಲಿ ಬಾಳಿದವರಿಗೇ ಅನ್ಯಾಯವಾಗುತ್ತದೆ. ತಿಂಗಳಿಗೊಮ್ಮೆ ಕೈಗೆ ಬರುವ ಪಗಾರ, ಸೋರದ ಸೂರು, ಮಕ್ಕಳಿಗೆ ಕಡ್ಡಾಯ ಶಾಲೆ, ಕೆಲವರಿಗೆ ಬಡಿಗತನದಂತಹ ಕೈಕಸುಬಿನ ತರಬೇತಿ, ಇವೆಲ್ಲ ಆ ಕಾಲದ ಹಳ್ಳಿಯ ಬಡವನಿಗೂ ಸುಲಭವಾಗಿ ಸಿಗುತ್ತಿರಲಿಲ್ಲ. ಉತ್ತರ ಕರ್ನಾಟಕದ ಸೆಟ್ಲಮೆಂಟುಗಳಲ್ಲಿ ಅಕ್ಷರ ಕಲಿತ ಮೊದಲ ತಲೆಮಾರು ಮುಂದೆ ರೈಲ್ವೆಗೆ, ಶಾಲೆಗಳಿಗೆ, ಸರ್ಕಾರಿ ಕಚೇರಿಗಳಿಗೆ ದಾರಿ ಮಾಡಿಕೊಂಡಿತು. ಇದೇ ಕಾಯ್ದೆ ಮಕ್ಕಳನ್ನು ತಾಯಿತಂದೆಯರಿಂದ ಬೇರ್ಪಡಿಸಿ ಪ್ರತ್ಯೇಕ ವಸತಿಗಳಲ್ಲಿ ಇಡಲೂ ಅಧಿಕಾರ ಕೊಟ್ಟಿತ್ತೆಂಬುದನ್ನು ಜತೆಗೇ ನೆನೆಯಬೇಕು. ಯಾವ ಅಪರಾಧವನ್ನೂ ಮಾಡದ ಕೂಸು ತನ್ನ ಹುಟ್ಟಿನ ಕಾರಣಕ್ಕೆ ಸುಧಾರಣೆಗೆ ಒಳಗಾಗುವುದು ಯಾವ ನ್ಯಾಯಶಾಸ್ತ್ರಕ್ಕೂ ಒಪ್ಪುವ ಮಾತಲ್ಲ. ಸ್ಟಾರ್ಟೆ ಅವರ ಅಧ್ಯಕ್ಷತೆಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರೂ ಸದಸ್ಯರಾಗಿದ್ದ ಸಮಿತಿಯೊಂದು 1930ರಲ್ಲಿ ಮುಂಬಯಿ ಪ್ರಾಂತದ ದಲಿತ ಮತ್ತು ಗಿರಿಜನರ ಸ್ಥಿತಿಯ ಬಗ್ಗೆ ವರದಿ ಸಲ್ಲಿಸಿತು. ಅದರ ಬೆನ್ನಿಗೆ ಪ್ರಾಂತದಲ್ಲಿ ಹಿಂದುಳಿದ ವರ್ಗಗಳ ಇಲಾಖೆ ರೂಪುಗೊಂಡಿತು. ಅಪರಾಧವೆಂದು ಹೆಸರಿಟ್ಟಿದ್ದರ ಬೇರು ಹಸಿವಿನಲ್ಲೂ ಅಸ್ಪೃಶ್ಯತೆಯಲ್ಲೂ ಇದೆಯೆಂಬ ತಿಳಿವು ಆಡಳಿತದೊಳಗೆ ನಿಧಾನವಾಗಿ ಇಳಿಯತೊಡಗಿದ್ದ ಕಾಲವದು.

ಇದೇ ದಶಕಗಳಲ್ಲಿ ಇದೇ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಜನರೂ ಜೈಲಿಗೆ ಹೋಗಿ ಬರುತ್ತಿದ್ದರು. ಬೆಳಗಾವಿಯ ಹಿಂಡಲಗಾ ಜೈಲು ಸ್ವಾತಂತ್ರ್ಯ ಚಳವಳಿಯ ಸತ್ಯಾಗ್ರಹಿಗಳಿಂದ ತುಂಬಿತ್ತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಮುಂಚೂಣಿಯಲ್ಲಿದ್ದ ಗಂಗಾಧರರಾವ್ ದೇಶಪಾಂಡೆಯವರು ಸೆರೆಮನೆಯಿಂದ ಮರಳಿ ಹುದಲಿಯಲ್ಲಿ ಖಾದಿ ಕೆಲಸವನ್ನು ಬೆಳೆಸಿದರು. ಹಿಂದೂಸ್ತಾನಿ ಸೇವಾದಳದ ಸ್ಥಾಪಕ ಡಾ. ನಾ.ಸು. ಹರ್ಡೀಕರ ಅವರ ಮುಂದಿನ ಬಾಳು ಘಟಪ್ರಭೆಯ ಕರ್ನಾಟಕ ಆರೋಗ್ಯ ಧಾಮದೊಂದಿಗೆ ಬೆಸೆದುಕೊಂಡಿತು. ಇವರಿಗೂ ಪೊಲೀಸರ ಕಣ್ಗಾವಲು ಇತ್ತು, ಜಪ್ತಿಯ ಭಯವಿತ್ತು, ಮನೆತನಗಳು ಬಡವಾದವು. ಆದರೆ ಜೈಲಿನಿಂದ ಬಂದ ದಿನ ಊರು ಹಾರ ಹಿಡಿದು ನಿಲ್ಲುತ್ತಿತ್ತು, ಮನೆಬಾಗಿಲು ತೆರೆಯುತ್ತಿತ್ತು, ಕೆಲಸ ಹುಡುಕಿಕೊಂಡು ಬರುತ್ತಿತ್ತು; 1972ರಲ್ಲಿ ಕೇಂದ್ರ ಸರ್ಕಾರ ಸ್ವಾತಂತ್ರ್ಯಯೋಧರಿಗೆ ಪಿಂಚಣಿ ಆರಂಭಿಸಿದಾಗ ಸೆರೆವಾಸದ ದಾಖಲೆಯೇ ಅರ್ಹತೆಯ ಪತ್ರವಾಯಿತು. ಫಾಲ್ಸಿನ ಸೆಟ್ಲಮೆಂಟಿಗೂ ಘಟಪ್ರಭೆಯ ಆರೋಗ್ಯ ಧಾಮಕ್ಕೂ ಇರುವ ಅಂತರ ಕೆಲವೇ ಮೈಲಿಗಳದು. ಜೈಲುವಾಸದ ಕಳಂಕವೆಂಬುದು ಜೈಲಿನ ಗೋಡೆಗೆ ಅಂಟಿಕೊಂಡಿರುವ ವಸ್ತುವಲ್ಲ, ಸಮಾಜ ತಾನಾಗಿ ಕೊಡುವ ಇಲ್ಲವೇ ತಡೆಹಿಡಿಯುವ ಬೆಲೆ ಎಂಬುದಕ್ಕೆ ಇಷ್ಟು ಹತ್ತಿರದ ಇನ್ನೊಂದು ಸಾಕ್ಷಿ ಬೇಕಿಲ್ಲ.

ಸಾಮಾನ್ಯ ಕೈದಿಯ ಬಗ್ಗೆ ಚಿಂತನೆ ನಡೆಯಲಿಲ್ಲವೆಂದಲ್ಲ. ಅಲೆಕ್ಸಾಂಡರ್ ಕಾರ್ಡ್ಯೂ ಅಧ್ಯಕ್ಷತೆಯ 1919-20ರ ಭಾರತೀಯ ಜೈಲು ಸಮಿತಿ, ಕೈದಿಯನ್ನು ಹೆದರಿಸುವುದಷ್ಟೇ ಅಲ್ಲ, ತಿದ್ದುವುದೂ ಜೈಲಿನ ಗುರಿಯೆಂದು ಹೇಳಿ, ಬಿಡುಗಡೆಯಾದವರಿಗೆ ನೆರವಾಗುವ ಸಂಘಗಳ ಅಗತ್ಯವನ್ನು ಒತ್ತಿಹೇಳಿತು. ಮುಂಬಯಿಯಂತಹ ಮಹಾನಗರದಲ್ಲಿ ಅಂತಹ ಸಂಘಗಳಿಗೆ ದಾನಿಗಳೂ ಕಾರ್ಖಾನೆಗಳೂ ಸಿಕ್ಕವು. ತರುಣ ಅಪರಾಧಿಗಳಿಗಾಗಿ ಮುಂಬಯಿ ಸರ್ಕಾರ 1929ರಲ್ಲಿ ಬೋರ್ಸ್ಟಲ್ ಶಾಲೆಗಳ ಕಾಯ್ದೆ ಮಾಡಿತು. ಬೋರ್ಸ್ಟಲ್ ಎಂದರೆ ಹದಿಹರೆಯದ ಅಪರಾಧಿಗಳನ್ನು ಹಿರಿಯ ಕೈದಿಗಳಿಂದ ದೂರವಿಟ್ಟು ಓದು ಮತ್ತು ಕಸುಬು ಕಲಿಸುವ ಸಂಸ್ಥೆ. ಅಂತಹದೊಂದು ಶಾಲೆ ಧಾರವಾಡದಲ್ಲಿ ನಡೆಯಿತು. ಆದರೆ ಗೋಕಾಕ, ಹುಕ್ಕೇರಿಗಳಂತಹ ಒಕ್ಕಲುತನದ ತಾಲ್ಲೂಕಿನ ವಯಸ್ಕ ಕೈದಿ ಜೈಲಿನಿಂದ ಬಂದಾಗ ಅವನ ಪಾಲಿಗೆ ಇದ್ದದ್ದು ದಾರಿ ಖರ್ಚು ಮತ್ತು ಅವನ ಬಂಧುಬಳಗ ಮಾತ್ರ.

ಮುಂಬಯಿ ಪ್ರಾಂತದ ಮೊದಲ ಕಾಂಗ್ರೆಸ್ ಮಂತ್ರಿಮಂಡಲದ ಕಾಲದಲ್ಲಿ ಕನ್ಹಯ್ಯಾಲಾಲ್ ಮುನ್ಶಿಯವರ ಅಧ್ಯಕ್ಷತೆಯಲ್ಲಿ ನೇಮಕವಾದ ವಿಚಾರಣಾ ಸಮಿತಿ 1939ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಪರಿಶೀಲಿಸಿ ವರದಿ ಕೊಟ್ಟಿತು. ಸ್ವಾತಂತ್ರ್ಯದ ನಂತರ ಮುಂಬಯಿ ಪ್ರಾಂತ 1949ರಲ್ಲಿ ಕಾಯ್ದೆಯನ್ನು ತನ್ನ ಮಟ್ಟಿಗೆ ರದ್ದುಗೊಳಿಸಿತು. ಕಾಯ್ದೆಯನ್ನು ಪರಿಶೀಲಿಸಿದ ಅನಂತಶಯನಂ ಅಯ್ಯಂಗಾರ್ ಸಮಿತಿಯ ವರದಿಯ ಬಳಿಕ 1952ರ ಆಗಸ್ಟ್ 31ರಂದು ಅದು ದೇಶದಿಂದಲೇ ಹೋಯಿತು. ಅಂದಿನಿಂದ ಈ ಸಮುದಾಯಗಳಿಗೆ ವಿಮುಕ್ತರೆಂಬ ಹೆಸರು ಬಂತು. ಬೇಲಿ ಹೋದಮೇಲೂ ಬಹಳ ಕುಟುಂಬಗಳು ಅದೇ ಜಾಗಗಳಲ್ಲಿ ಉಳಿದವು. ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟ್ ಎಂಬುದು ಇಂದಿಗೂ ಬಡಾವಣೆಯ ಹೆಸರಾಗಿ ಜನರ ಬಾಯಲ್ಲಿದೆ, ಮತ್ತು ವಿಳಾಸದಲ್ಲಿ ಆ ಹೆಸರು ಬರೆಯಬೇಕಾದ ತರುಣ ಕೆಲಸಕ್ಕೆ ಅರ್ಜಿ ಹಾಕುವಾಗ ಅದರ ಭಾರವನ್ನು ಹೊರುತ್ತಾನೆ. ಸಮುದಾಯಕ್ಕೆ ಅಂಟಿಸಿದ್ದ ಅಪರಾಧವನ್ನು ವ್ಯಕ್ತಿಗೆ ಅಂಟಿಸುವ ಹೊಸ ಕಾನೂನುಗಳೂ ಬಂದವು. ರೂಢಿಗತ ಅಪರಾಧಿಗಳ ಕಾಯ್ದೆ, ಅಂದರೆ ಪದೇಪದೇ ಶಿಕ್ಷೆಗೊಳಗಾದವರನ್ನು ನೋಂದಾಯಿಸಿ ನಿಗಾ ಇಡುವ ಕಾನೂನು, ಮುಂಬಯಿಯಲ್ಲೂ ಕರ್ನಾಟಕದಲ್ಲೂ (1961ರಲ್ಲಿ) ಜಾರಿಯಾಯಿತು. ಹುಟ್ಟಿನ ಬದಲು ನಡತೆಯನ್ನು ಆಧಾರವಾಗಿ ತೆಗೆದುಕೊಂಡದ್ದು ದೊಡ್ಡ ಬದಲಾವಣೆಯೇ ಹೌದು. ಆದರೆ ಠಾಣೆಯ ಹಳೆಯ ರಿಜಿಸ್ಟರುಗಳಲ್ಲಿ ಯಾರ ಹೆಸರುಗಳು ಮೊದಲೇ ಇದ್ದವೋ ಹೊಸ ರಿಜಿಸ್ಟರಿಗೂ ಅವೇ ಸುಲಭವಾಗಿ ಏರುವಂತಿದ್ದವು.

ಈ ಹೊತ್ತಿಗೆ ಘಟಪ್ರಭೆಯ ಕಣಿವೆಯ ದುಡಿಮೆಯ ಸ್ವರೂಪವೇ ಬದಲಾಗುತ್ತಿತ್ತು. ವಂಟಮುರಿಯ ದಾನಿ ರಾಜಾ ಲಖಮಗೌಡರ ಹೆಸರನ್ನು ಹೊತ್ತ, 51 ಟಿಎಂಸಿ ನೀರು ಹಿಡಿಯುವ ಹಿಡಕಲ್ ಅಣೆಕಟ್ಟು 1977ರಲ್ಲಿ ಪೂರ್ಣಗೊಂಡಿತು. ಕಲ್ಲು ಒಡೆಯುವ, ಮಣ್ಣು ಹೊರುವ, ಕಾಲುವೆ ಅಗೆಯುವ ಕೆಲಸಕ್ಕೆ ನಡತೆಯ ಪ್ರಮಾಣಪತ್ರ ಬೇಕಿರಲಿಲ್ಲ. ಮೇಸ್ತ್ರಿಗೆ ಬೇಕಾದದ್ದು ರೆಟ್ಟೆಯ ಬಲ. ನೀರು ಬಂದ ಮೇಲೆ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು, ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯಂತಹವು ಕಬ್ಬು ನುರಿಸಿದವು, ಮತ್ತು ಮಳೆಗಾಲ ಮುಗಿದೊಡನೆ ಕಬ್ಬು ಕಡಿಯುವ ಗ್ಯಾಂಗುಗಳು ಊರಿಂದೂರಿಗೆ ಸಾಗತೊಡಗಿದವು. ಶಿಕ್ಷೆ ಮುಗಿಸಿ ಬಂದವನಿಗೆ ಇಂದಿಗೂ ಮೊದಲು ತೆರೆಯುವ ಬಾಗಿಲುಗಳು ಇಂತಹವೇ: ಕಟ್ಟಡದ ಕೆಲಸ, ಕಲ್ಲುಗಣಿ, ಕಬ್ಬಿನ ಗ್ಯಾಂಗು, ಲಾರಿಯ ಹಮಾಲಿ. ಇವುಗಳಿಗೆ ಒಂದು ಗುಣವಿದೆ, ಹಿಂದಿನದನ್ನು ಯಾರೂ ಕೇಳುವುದಿಲ್ಲ; ಒಂದು ದೋಷವೂ ಇದೆ, ಗುತ್ತಿಗೆದಾರನಿಂದ ಮುಂಗಡ ಪಡೆದು ಹೋದವನು ಸಾಲ ತೀರುವವರೆಗೆ ಬಿಟ್ಟು ಬರುವಂತಿಲ್ಲ. ಜೈಲಿನಿಂದ ಬಂದವನಿಗೆ ಬೇರೆಲ್ಲೂ ಸಾಲ ಹುಟ್ಟದ ಕಾರಣ ಈ ಮುಂಗಡ ಅವನನ್ನು ಇತರರಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ಸೆಟ್ಲಮೆಂಟಿನ ಕಾಲದಲ್ಲಿ ಕಾನೂನು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬಡತನ ಮಾಡುತ್ತದೆ.

ಹಿಂಡಲಗಾ ಈಗ ಬೆಳಗಾವಿಯ ಕೇಂದ್ರ ಕಾರಾಗೃಹವಾಗಿದೆ. ಸಜಾಬಂದಿಗಳು ದುಡಿದರೆ ಕೂಲಿ ಸಿಗುತ್ತದೆ. ಕಠಿಣ ಶಿಕ್ಷೆಯ ಕೈದಿಯ ದುಡಿಮೆಗೂ ನ್ಯಾಯವಾದ ಕೂಲಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 1998ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಹೇಳಿದ ಮೇಲೆ ರಾಜ್ಯಗಳು ಕೂಲಿಯ ದರವನ್ನು ಮತ್ತೆ ಮತ್ತೆ ಪರಿಷ್ಕರಿಸಿವೆ. ಈ ಹಣದಲ್ಲಿ ಸ್ವಲ್ಪ ಮನೆಗೆ ಕಳಿಸಿ, ಉಳಿದದ್ದನ್ನು ಬಿಡುಗಡೆಯ ದಿನಕ್ಕೆ ಕೂಡಿಡುವವರಿಗೆ ಗುತ್ತಿಗೆದಾರನ ಮುಂಗಡದ ಹಂಗಿಲ್ಲದೆ ಊರಿಗೆ ಹೋಗುವ ಅವಕಾಶವಾದರೂ ಇದೆ. ಜೈಲಿನೊಳಗೆ ಕಲಿಸುವ ಯಾವ ಕಸುಬಿಗಿಂತಲೂ ಈ ಉಳಿತಾಯದ ಪ್ರಯೋಜನ ದೊಡ್ಡದು. ಜೈಲಿನ ಕೆಲಸವನ್ನು ಜಾತಿ ನೋಡಿ ಹಂಚುವ ನಿಯಮಗಳನ್ನೂ, ವಿಮುಕ್ತ ಸಮುದಾಯಗಳ ಬಗ್ಗೆ ಜೈಲು ಕೈಪಿಡಿಗಳಲ್ಲಿ ಉಳಿದುಕೊಂಡಿದ್ದ ಉಲ್ಲೇಖಗಳನ್ನೂ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದ ತೀರ್ಪಿನಲ್ಲಿ ಅಸಾಂವಿಧಾನಿಕವೆಂದು ಸಾರಿತು. ಅಪರಾಧಿ ಬುಡಕಟ್ಟುಗಳ ಕಾಯ್ದೆ ಹೋಗಿ 72 ವರ್ಷಗಳಾದ ಮೇಲೂ ಅದರ ಭಾಷೆ ಜೈಲಿನ ಪುಸ್ತಕಗಳಲ್ಲಿ ಉಸಿರಾಡುತ್ತಿತ್ತೆಂಬುದು ಆ ತೀರ್ಪಿನಿಂದ ಎಲ್ಲರಿಗೂ ತಿಳಿಯಿತು.

ಆದರೆ ಉದ್ಯೋಗದ ಹಾದಿಯಲ್ಲಿ ಅಡ್ಡ ನಿಂತಿರುವ ಹಳೆಯ ದಾಖಲೆಯ ವಿಷಯದಲ್ಲಿ ಕಾನೂನು ಇನ್ನೂ ಅರ್ಧ ದಾರಿಯಲ್ಲಿದೆ. ಬಾಲನ್ಯಾಯ ಕಾಯ್ದೆಯ 24ನೆಯ ಕಲಮು ಮಕ್ಕಳ ವಿಷಯದಲ್ಲಿ ಅನರ್ಹತೆಯನ್ನು ತೆಗೆದುಹಾಕಿ, ನಿಗದಿತ ಕಾಲದ ನಂತರ ದಾಖಲೆಯನ್ನು ನಾಶಮಾಡಲು ಹೇಳುತ್ತದೆ. 1958ರ ಪರಿವೀಕ್ಷಣಾ ಕಾಯ್ದೆ, ಅಂದರೆ ಅಪರಾಧಿಯನ್ನು ಜೈಲಿಗೆ ಕಳಿಸದೆ ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡುವ ಕಾನೂನು, ತನ್ನ 12ನೆಯ ಕಲಮಿನಲ್ಲಿ ಹಾಗೆ ಬಿಡುಗಡೆಯಾದವನಿಗೆ ತಪ್ಪಿತಸ್ಥನೆಂಬ ತೀರ್ಪಿನಿಂದ ಬರುವ ಅನರ್ಹತೆ ತಟ್ಟದೆಂದು ಹೇಳುತ್ತದೆ. ಹಿಂಡಲಗಾದಲ್ಲಿ ಪೂರ್ತಿ ಶಿಕ್ಷೆ ಅನುಭವಿಸಿ ಹೊರಬಂದ ವಯಸ್ಕನಿಗೆ ಇಂತಹ ಯಾವ ಕಲಮೂ ಇಲ್ಲ. ಗೋಕಾಕದ ಕಾರ್ಖಾನೆಯಲ್ಲೋ ಬೆಳಗಾವಿಯ ಸೆಕ್ಯುರಿಟಿ ಏಜೆನ್ಸಿಯಲ್ಲೋ ಕಾಯಂ ಕೆಲಸ ಕೇಳಿ ಹೋದರೆ ಪೊಲೀಸ್ ವೆರಿಫಿಕೇಶನ್ ಪತ್ರ ತರಲು ಹೇಳುತ್ತಾರೆ, ಅದನ್ನು ತರಲು ಅವನು ಹೋಗಬೇಕಾದದ್ದು ಅವನ ಹೆಸರಿನ ಹಾಳೆ ಇರುವ ಠಾಣೆಗೇ. ಆ ಹಾಳೆಯನ್ನು ಎಷ್ಟು ವರ್ಷದ ನಂತರ ಮುಚ್ಚಬೇಕೆಂದು ಹೇಳುವ ಶಾಸನವನ್ನು ಸಂಸತ್ತಾಗಲಿ ಬೆಂಗಳೂರಿನ ವಿಧಾನಮಂಡಲವಾಗಲಿ ಇದುವರೆಗೆ ಮಾಡಿಲ್ಲ.